ನಿಡೋಣಿ ಯಲ್ಲವ್ವನ ನಂಬಿಕೆ, ನನ್ನ ಇಂಗ್ಲಿಷ್

...ಅಥವಾ ಯಲ್ಲವ್ವ ಹಾಗೆ ಹೇಳಲೇ ಇಲ್ಲವೇನೋ. ನಾನೇ ಆಮೇಲೆ ಕೂಡಿಸಿಕೊಂಡೆನೇನೋ. ಹೆಂಡತಿಯ ಮುಂದೆ ಒಮ್ಮೆ ಹೇಳಿದೆ, ಜೋರಾಪುರ ಪೇಟೆಯ ಚಹಾದಂಗಡಿಯಲ್ಲಿ ಎರಡು ಸಲ ಹೇಳಿದೆ. ಹೇಳಿದಷ್ಟೂ ಮುದುಕಿಯ ಮಾತು ಚಂದವಾಗುತ್ತ ಹೋಗಿದೆ. ಅದೇ ನನಗೆ ಅನುಮಾನ. ನಿಜವಾಗಿ ಆಡಿದ ಮಾತು ಇಷ್ಟು ಚಂದ ಇರುತ್ತದೆಯೇ?

ಶನಿವಾರ ನಡೆದದ್ದು. ಅಷ್ಟಂತೂ ಖಾತ್ರಿ. ಅರ್ಧ ದಿನದ ಶಾಲೆ ಮುಗಿಸಿ ಬರುತ್ತಿದ್ದೆ. ಅಥಣಿ ರಸ್ತೆಯ ಮಿಷನ್ ಬಂಗಲೆಯಿಂದ ಆಳಿನ ಕೈಲಿ ಚೀಟಿ ಬಂತು. (ಯುದ್ಧದ ದೆಸೆಯಿಂದ ಪೆಟ್ರೋಲ್ ಇಲ್ಲ, ಸಾಹೇಬರ ಮೋಟಾರು ಷೆಡ್ಡಿನಲ್ಲೇ ಮಲಗಿದೆ.) ಹೊಸ ಪಾದ್ರಿ ಸಾಹೇಬರಿಗೆ ಒಬ್ಬ ದುಭಾಷಿ ಬೇಕಂತೆ. ಇದ್ದವನಿಗೆ ಮಲೇರಿಯಾ.

ನಾನು ಕ್ರೈಸ್ತನಲ್ಲ. ಹಾಗೆ ನೋಡಿದರೆ ಗುಡಿಗೆ ಹೋದದ್ದೂ ಲಗ್ನದ ದಿನ ಮಾತ್ರ. ಆದರೆ ಇಂಗ್ಲಿಷ್ ಕಲಿಸುವ ಮಾಸ್ತರ. ಮೋಕ್ಷಕ್ಕೂ ಇಂಗ್ಲಿಷ್ ಬೇಕಾಗುವ ಕಾಲ ಇದು.

ಸಾಹೇಬರಿಗೆ ಕನ್ನಡ ಬರುವುದಿಲ್ಲವೇ? ಬರುತ್ತದೆ. ಅದೇ ತೊಂದರೆ. ಪುಸ್ತಕದಿಂದ ಎತ್ತಿದ, ಇಸ್ತ್ರಿ ಹಾಕಿದ ಕನ್ನಡ. ಅವರು ಮಾತಾಡಿದರೆ ಯಲ್ಲವ್ವ ಆಕಾಶ ನೋಡುತ್ತಾಳೆ. ಅವಳು ಮಾತಾಡಿದರೆ ಅವರು ಡಿಕ್ಷನರಿ ನೋಡುತ್ತಾರೆ. ಹೀಗಾಗಿ ನಾನು ಅವರ ಕನ್ನಡವನ್ನು ಕನ್ನಡಕ್ಕೆ, ಅವಳ ಕನ್ನಡವನ್ನು ಇಂಗ್ಲಿಷಿಗೆ ತರಬೇಕು!

ಯಲ್ಲವ್ವ ನಿಡೋಣಿ ಎಂಬ ಹಳ್ಳಿಯವಳು, ಬಂಗಲೆಯ ಅಂಗಳ ಗುಡಿಸುವ ವಿಧವೆ. ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿದ್ದ ಆ ಮಗಳು ಹೋದ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಬಂಗಲೆಯ ಹಿಂದಿನ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಅಲ್ಲಿ ಜಾಗ ಸಿಗಬೇಕಾದರೆ ತಲೆಯ ಮೇಲೆ ಸ್ನಾನದ ನೀರು ಬಿದ್ದಿರಬೇಕು. ಮುದುಕಿಗೆ ಆ ನೀರು ಬೇಕು, ಮಗಳ ಪಕ್ಕದ ಜಾಗ ಬೇಕು. ಭಾನುವಾರ ಸ್ನಾನ, ಶನಿವಾರ ಅದಕ್ಕೆ ಸಾಹೇಬರ ಪರೀಕ್ಷೆ.

ವಿಧೇಯತೆಯಲ್ಲಿ ಅವಳಿಗೆ ಫುಲ್ ಮಾರ್ಕ್ಸ್. ಹಣೆಗೆ ಭಂಡಾರದ ಅರಿಸಿನ ಹಚ್ಚಬೇಡ ಅಂದರು, ಬಿಟ್ಟಳು. ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಡ ಅಂದರು, ಬಿಟ್ಟಳು. ಭಾನುವಾರ ಸಂತೆ ಬೇಡ ಅಂದರು (ವಿಜಾಪುರದ ಸಂತೆ ಇರುವುದೇ ಭಾನುವಾರ!), ಸೋಮವಾರ ಬಾಡಿದ ಕಾಯಿಪಲ್ಲೆ ತಂದುಕೊಂಡಳು. ಇಷ್ಟು ಮಾತು ಕೇಳುವ ಸೊಸೆ ಯಾವ ಅತ್ತೆಗೆ ಸಿಕ್ಕಾಳು?

ಸಾಹೇಬರು ಒಪ್ಪಲಿಲ್ಲ. ಬರೀ ಹೇಳಿದ್ದು ಕೇಳಿದರೆ ರಕ್ಷಣೆ ಸಿಗುವುದಿಲ್ಲವಂತೆ. ಅದು ನಂಬಿಕೆಯಿಂದ ಮಾತ್ರ. ಕಿಟಕಿಯಾಚೆಯ ನಿಂಬೆಗಿಡ ತೋರಿಸಿದರು. ನಂಬಿಕೆ ಬೇರು, ವಿಧೇಯತೆ ಹಣ್ಣು.

“ಹಣ್ಣ ಕಣ್ಣಿಗೆ ಕಾಣಾಕತ್ತೈತಿ. ಮತ್ತ ಬೇರ ಯಾಕ ಕೆದರತಾರ ಕೇಳ ಮಾಸ್ತರ,” ಅಂದಳು ಯಲ್ಲವ್ವ.

ನಾನು ಕೇಳಲಿಲ್ಲ. ಬಾಗಿಲಲ್ಲಿ ಅಡುಗೆಯ ಯೋಹಾನ ಕಿಸಕ್ಕನೆ ನಕ್ಕ. ಹುಟ್ಟು ಕ್ರೈಸ್ತ. ಅವನಿಗಿಂತ ಮೊದಲು ಅವನು ಕುಡಿದ ಸಿಂದಿಯ ವಾಸನೆ ಕೋಣೆಗೆ ಬರುತ್ತದೆ.

“ನನ್ನ ನೋಡ ಬೇ. ಸಾಹೇಬರ ಒಂದ ಮಾತ ಕೇಳಿಲ್ಲ. ನಂಬಿಕಿ ಮಾತ್ರ ಗಟ್ಟಿ ಐತಿ. ಮ್ಯಾಲ ನನ್ನ ಸೀಟ ಪಕ್ಕಾ.”

“ನಿನ್ನ ಬಾಯಿ ವಾಸನಿಗೆ ಅಲ್ಲಿ ಬಾಗಲಾ ಹಾಕ್ಕೋತಾರ, ಹೋಗಲೇ!”

(ಇದನ್ನು ನಾನು ಅನುವಾದಿಸಲಿಲ್ಲ.)

ಸಾಹೇಬರು ಕನ್ನಡಕ ಒರೆಸಿಕೊಂಡು ಕೊನೆಯ ಪ್ರಶ್ನೆಗೆ ಬಂದರು. “ಕ್ರಿಸ್ತನೇ ನಿನ್ನ ರಕ್ಷಕನೆಂದು ವಿಶ್ವಾಸಿಸುತ್ತೀಯೋ?”

ನಾನು ಅದನ್ನು ಅವಳ ಮಾತಿಗೆ ಇಳಿಸಿದೆ. “ಆಯಿ, ಯೇಸುಸ್ವಾಮಿ ನಿನ್ನ ಪಾರ ಮಾಡತಾನ ಅಂತ ನಂಬತೀಯೇನ?”

ಯಲ್ಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಸುಳ್ಳ ಯಾಕ ಹೇಳ್ಲಿ ಯಪ್ಪಾ. ಅವನ್ನ ನಾ ಕಂಡಿಲ್ಲ. ನನ್ನ ಮಗಳು ನಂಬಿದ್ಲು. ನಾ ನನ್ನ ಮಗಳನ್ನ ನಂಬೇನಿ. ಮ್ಯಾಲ ಅಕಿ ಒಬ್ಬಾಕಿನ ಅದಾಳ, ಗುರುತಿನವರು ಯಾರೂ ಇಲ್ಲ. ನಾ ಹೋಗಬೇಕ.”

ಇದೇ ಆ ಮಾತು. ಅಥವಾ ಇಂಥದೇ ಒಂದು. ‘ಗುರುತಿನವರು ಯಾರೂ ಇಲ್ಲ’ ಎಂಬುದು ನನ್ನದೂ ಇರಬಹುದು.

ಸಾಹೇಬರ ಪೆನ್ನು ರಿಜಿಸ್ಟರಿನ ಮೇಲೆ ನಿಂತಿತ್ತು. ಕಣ್ಣು ನನ್ನ ಮೇಲೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

“ಯೆಸ್ ಸರ್,” ಅಂದೆ. ಕ್ರಿಸ್ತನನ್ನು ಮನಸಾರೆ ನಂಬುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಇಷ್ಟು ತಪ್ಪಿಲ್ಲದ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ.

ಭಾನುವಾರ ನೀರು ಬಿತ್ತು. ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. (ಯಾಕೆ ಹೋದೆ? ಅದೂ ಗೊತ್ತಿಲ್ಲ.) ಹೊರಗೆ ಬಂದಾಗ ಮುದುಕಿ ಒದ್ದೆ ತಲೆಯಲ್ಲೇ ದಾರಿಗೆ ಅಡ್ಡ ನಿಂತಳು.

“ನಿನ್ನೆ ನಾ ಅಷ್ಟುದ್ದ ಹೇಳಿದ್ನಿ, ನೀ ಇಷ್ಟಕ್ಕ ಮುಗಿಸಿದಿ. ಏನ ಹೇಳಿದಿ?”

“ನೀ ಹೇಳಿದ್ದನ್ನ, ಆಯಿ.”

“ಸುಳ್ಳ!” ನಕ್ಕಳು. “ಇರಲಿ ಬಿಡ. ಪಾಪ ನಿನಗ, ನೀರ ನನಗ.”

ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಈಗ ನಗು ಇರಲಿಲ್ಲ.

“ಮ್ಯಾಲ ಹ್ವಾದ ಮ್ಯಾಲೂ ಕೇಳತಾರೇನ ಮಾಸ್ತರ? ಅಲ್ಲಿ ನೀ ಇರೂದಿಲ್ಲಲ್ಲ?”

ಸಾಹೇಬರಿಗೆ ನಿಜ ಹೇಳಿದರೆ ಅವಳಿಗೆ ಮಗಳ ಪಕ್ಕದ ಮಣ್ಣು ತಪ್ಪೀತು. ಆದ್ದರಿಂದ ಹೇಳುವುದಿಲ್ಲ. (ಇದು ಅಚ್ಚಾಗುವ ಈ ವಾರಪತ್ರಿಕೆಯನ್ನು ಅವರು ಓದುವುದಿಲ್ಲ. ಇದರಲ್ಲಿ ಬರುವ ಕನ್ನಡ ಅವರ ಡಿಕ್ಷನರಿಯಲ್ಲಿಲ್ಲ.) ಅವಳು ಮೇಲೆ ಆ ಬಾಗಿಲಲ್ಲಿ ನಿಂತು ನಿಡೋಣಿಯ ಮಾತಿನಲ್ಲೇ ಇದ್ದದ್ದು ಇದ್ದ ಹಾಗೆ ಹೇಳಿದರೆ ಒಳಗೆ ಬಿಡುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.