ಈರಮ್ಮಕ್ಕ ಕಟ್ಟದ ಬಿಲ್ಲು

ತಾನು ಹೊಲಿದದ್ದನ್ನು ತಾನೇ ಬಿಚ್ಚುವಾಗ ಈರಮ್ಮಕ್ಕನನ್ನು ನೋಡಬೇಕಿತ್ತು. ಎಡಗೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಬಲಗೈಯ ಬ್ಲೇಡನ್ನು ಹೊಲಿಗೆಯ ಮೇಲೆ ಒಮ್ಮೆ ಎಳೆದರೆ ತೋಳು ಒಂದು ಕಡೆ, ಮೈ ಒಂದು ಕಡೆ. ಎದುರಿಗೆ ಗಿರಾಕಿ ನಿಂತಿದ್ದರೂ ಅಷ್ಟೇ. ನಾನು ಆಂಧ್ರದ ಗಡಿಯ ಆಲೂರಿನ ಕನ್ನಡ ಶಾಲೆಗೆ ಟೀಚರಾಗಿ ಹೋದ ಹೊಸದರಲ್ಲಿ ಹೊಲಿಸಿದ ಮೊದಲ ರವಿಕೆಗೂ ಇದೇ ಗತಿಯಾಯಿತು. ತೋಳು ಚೂರು ಸೊಟ್ಟಗಿದೆ ಎಂದರು. ನನಗೆ ಕಾಣಲೇ ಇಲ್ಲ.

"ಇರ್ಲಿ ಬಿಡಕ್ಕ, ಯಾರು ನೋಡ್ತಾರ?" ಎಂದೆ.

"ನಿಮಗ ನಡಿತೈತಿ ಟೀಚರಮ್ಮ, ನನಗ ನಡ್ಯಂಗಿಲ್ಲ," ಎಂದು ಬ್ಲೇಡು ಕೈಗೆತ್ತಿಕೊಂಡರು.

ಅವರ ತವರು ಹಾಲಹರವಿ ಕಡೆಯ ಕುರಿ ಸಾಕುವ ಮನೆ. ಕನ್ನಡದಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರು. ಮದುವೆಯಾಗಿ ಆಲೂರಿಗೆ ಬಂದು, ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮಿಷಿನ್ ಹಾಕಿಕೊಂಡವರು. ನಾನು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಗಿರಾಕಿಗಳ ಜೊತೆ ತೆಲುಗು, ದಾರ ಗುಂಡಿ ಮಾರಲು ಬರುವ ಸಾಬರ ಜೊತೆ ಉರ್ದು, ಕೆಟ್ಟು ನಿಂತ ಮಿಷಿನ್ನಿಗೆ ಬೈಯಲು ಕನ್ನಡ. ಎಲ್ಲ ದಿನವಿಡೀ ಗೋಡೆಯಾಚೆಯಿಂದ ಕೇಳುತ್ತಿತ್ತು. ಸಹಿ ಮಾತ್ರ ಎಲ್ಲಿ ಹೋದರೂ ಕನ್ನಡದಲ್ಲೇ. ಒಮ್ಮೆ ಕಚೇರಿಯ ಗುಮಾಸ್ತರೊಬ್ಬರು ತೆಲುಗಿನಲ್ಲಿ ಹಾಕಮ್ಮ ಎಂದಾಗ, "ಸಹಿ ನಂದು ಸಾರ್, ನಂಗ ಬಂದಂಗ ಹಾಕ್ತೀನಿ" ಎಂದು ಪೆನ್ನು ಕೆಳಗಿಟ್ಟು ಕೂತಿದ್ದರಂತೆ. ಕೊನೆಗೆ ಗುಮಾಸ್ತರೇ ಸೋತರು.

ಒಂದು ಬೇಸಿಗೆಯಲ್ಲಿ ಹತ್ತಿರದ ಖಾಸಗಿ ಶಾಲೆಯವರು ಮಕ್ಕಳ ಯೂನಿಫಾರ್ಮ್ ಹೊಲಿದು ಕೊಡುತ್ತೀರಾ ಎಂದು ಕೇಳಿದರು. ಅಷ್ಟು ಬಟ್ಟೆ ಒಂದು ಮಿಷಿನ್ನಿನ ಕೆಲಸವಲ್ಲ. ಈರಮ್ಮಕ್ಕ ಓಣಿಯ ನಾಲ್ವರು ಹೆಂಗಸರನ್ನು ಗೊತ್ತು ಮಾಡಿ, ನಾಲ್ಕು ಮಿಷಿನ್ ಕೊಳ್ಳಲು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಮ್ಯಾನೇಜರು ಕಂಪ್ಯೂಟರಿನಲ್ಲಿ ಅವರ ಕ್ರೆಡಿಟ್ ವರದಿ ತೆಗೆದು ನೋಡಿ ತಲೆ ಅಲ್ಲಾಡಿಸಿದರು. ಎಂಟು ವರ್ಷದ ಹಿಂದೆ ಕೆ. ಈರಮ್ಮ ಎಂಬವರು ಆದೋನಿಯಲ್ಲಿ ತಿಂಗಳ ಬಿಲ್ಲಿನ ಫೋನು ತೆಗೆದುಕೊಂಡಿದ್ದಾರೆ, ಕೊನೆಯ ಬಿಲ್ಲು ಕಟ್ಟಿಲ್ಲ. ಸಾವಿರದ ಚಿಲ್ಲರೆ.

"ನಾನು ಫೋನ್ ಕಂಡಾಗಿಂದ ರೀಚಾರ್ಜ್ ಹಾಕ್ಸಿದಾಕಿ ಸಾರ್. ನಂಗ ಬಿಲ್ಲೆಲ್ಲಿಂದ ಬಂತು?"

ಮ್ಯಾನೇಜರು ಒಳ್ಳೆಯವರೇ. "ಚಿನ್ನ ಬಿಲ್ಲು ಕದಮ್ಮಾ, ಕಟ್ಟೇಸ್ತೆ ಅಯಿಪೋತುಂದಿ," ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು.

"ಸಣ್ಣ ಬಿಲ್ಲು, ಕಟ್ಟಿದ್ರ ಮುಗೀತೈತಿ, ಖರೆ. ಆದ್ರ ನಂದಲ್ಲದ್ದು ನಂದು ಅಂತ ಒಪ್ಪಿಕೊಂಡಂಗ ಆತಲ್ಲ? ಎಂಟು ವರ್ಷ ಕೊಡದ ಹೆಂಗಸು ಅಂತ ಹೆಸರು ಉಳೀತೈತಲ್ಲ?"

ಹಳೆಯ ಬಾಕಿಯ ಗುರುತು ಕಟ್ಟಿದ ಮೇಲೂ ಕೆಲವು ವರ್ಷ ಉಳಿಯುತ್ತದೆ ಎಂಬುದು ನಿಜವೇ ಆಗಿತ್ತು.

ಅಂದು ಸಂಜೆಯೇ ಆ ಕ್ರೆಡಿಟ್ ವರದಿ ಕೊಡುವ ಸಂಸ್ಥೆಗೆ ನನ್ನ ಫೋನಿನಿಂದ ತಕರಾರು ಸಲ್ಲಿಸಿದೆವು. ಒಂದು ತಿಂಗಳಿಗೆ ಉತ್ತರ ಬಂತು: ಫೋನ್ ಕಂಪನಿಯನ್ನು ವಿಚಾರಿಸಿದ್ದೇವೆ, ಬಾಕಿ ಸರಿಯಾಗಿದೆ. ನಾನು ಕೈಚೆಲ್ಲಿದೆ. ಈರಮ್ಮಕ್ಕ ಆ ಉತ್ತರವನ್ನು ಎರಡು ಸಲ ಓದಿಸಿಕೊಂಡು, "ಯಾವುದನ್ನ ನೋಡಿ ಸರಿ ಅಂದ್ರಂತ? ಅದನ್ನ ನಮಗೂ ತೋರ್ಸ್ರಿ ಅಂತ ಬರೀರಿ" ಎಂದರು. ಕಂಪನಿಯ ದೂರು ನೋಡುವ ಅಧಿಕಾರಿಗೆ ಕಾಗದ ಬರೆದೆವು. ಫೋನು ಕೊಟ್ಟಾಗ ಯಾರು ಅರ್ಜಿ ಬರೆದುಕೊಟ್ಟರು, ಅದರ ನಕಲು ಕಳಿಸಿ ಎಂದು ಕೇಳಿದೆವು. ರಿಜಿಸ್ಟರ್ ಪೋಸ್ಟಿನ ರಸೀದಿಯನ್ನು ಅವರು ತಾಳಿ ತೆಗೆದಿಟ್ಟಿದ್ದ ಡಬ್ಬಿಯಲ್ಲಿ ಮಡಿಚಿಟ್ಟರು.

ಇತ್ತ ಶಾಲೆ ತೆರೆಯುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಆ ನಾಲ್ವರು ಹೆಂಗಸರು ಬಂದು, ಸೇರಿಸಿ ತಂದ ನೋಟುಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು.

"ಅಕ್ಕಾ, ನಾವೇ ಕಟ್ತೀವಿ. ನಿನ್ನ ಹಟಕ್ಕ ನಮ್ಮ ಕೆಲಸ ಹೋಗ್ತೈತಿ," ಎಂದಳು ಅವರಲ್ಲಿ ಹಿರಿಯಳಾದ ಲಕ್ಷ್ಮಿ.

ಈರಮ್ಮಕ್ಕನ ಮುಖ ಇಳಿದದ್ದನ್ನು ನಾನು ಕಂಡದ್ದು ಅಂದೇ. ಆಮೇಲೆ ನೋಟುಗಳನ್ನು ಲಕ್ಷ್ಮಿಯ ಕೈಯಲ್ಲಿಟ್ಟು, "ನಿಮ್ಮ ಕೆಲಸ ನನ್ನ ಕಡಿಂದ ಹೋದ್ರ ಅದನ್ನ ನಾನು ಹೊರ್ತೀನಿ. ಇದನ್ನ ಮಾತ್ರ ಹೊರಂಗಿಲ್ಲ" ಎಂದರು. ಆ ವರ್ಷದ ಯೂನಿಫಾರ್ಮ್ ಆದೋನಿಯ ಒಂದು ಅಂಗಡಿಗೆ ಹೋಯಿತು. ಲಕ್ಷ್ಮಿ ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಳು. ತಾವು ಮಾಡುತ್ತಿರುವುದು ಸರಿಯೋ ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಕಟ್ಟಿಬಿಡಕ್ಕ ಎಂದೇ ಹೇಳುತ್ತಿದ್ದೆ.

ಶ್ರಾವಣದಲ್ಲಿ ಕಂಪನಿಯ ಲಕೋಟೆ ಬಂತು. ಒಳಗೆ ಅರ್ಜಿಯ ನಕಲು. ಹೆಸರು ಕೆ. ಈರಮ್ಮ, ಹುಟ್ಟಿದ ವರ್ಷವೂ ಒಂದೇ. ಆದರೆ ತಂದೆಯ ಹೆಸರು ಬೇರೆ. ಕೆಳಗೆ ಗುಂಡಗಿನ ತೆಲುಗು ಅಕ್ಷರದಲ್ಲಿ ಸಹಿ. ಈರಮ್ಮಕ್ಕ ಆ ಸಹಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ನಕ್ಕರು.

"ಈಕಿ ಬ್ಯಾರೆ ಈರಮ್ಮ ಟೀಚರಮ್ಮ! ಉರುಕುಂದದ ಈರಣ್ಣ ದೇವರ ಹೆಸರು ಇಟ್ಕೊಂಡೋರು ಈ ಕಡಿ ಎಷ್ಟು ಮಂದಿ ಅದಾರ, ಆ ಕಂಪ್ಯೂಟರ್‌ಗೇನು ಗೊತ್ತು?"

ತಮ್ಮ ಕನ್ನಡ ಸಹಿ ಇದ್ದ ಹಳೆಯ ಪಾಸ್‌ಬುಕ್ಕು, ಆಧಾರ್, ಶಾಲೆಯ ಟಿ.ಸಿ., ಎಲ್ಲದರ ನಕಲು ಹೋಯಿತು. ಮುಂದಿನ ತಿಂಗಳು ಕಂಪನಿ ತಪ್ಪೊಪ್ಪಿಕೊಂಡಿತು. ವರದಿಯಿಂದ ಆ ಬಾಕಿ ಅಳಿಸಿಹೋಯಿತು.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಈರಮ್ಮಕ್ಕ ಆಗುತ್ತಿರಲಿಲ್ಲ. ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಆದೋನಿಯ ಬಸ್ಸು ಹತ್ತಿದರು. ಜಗಳಕ್ಕೆ ಹೊರಟಿದ್ದಾರೆ ಎಂದುಕೊಂಡು ನಾನೂ ಜೊತೆಗೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಅವರನ್ನು ಕೇಳಿಕೊಂಡು ಎರಡು ಬೀದಿ ದಾಟಿದೆವು. ಹೊಸ ಮನೆಯ ಬಾಗಿಲಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ, ಇವರದೇ ವಯಸ್ಸಿನ ಹೆಂಗಸು ಗಾಬರಿಯಿಂದ ಎದ್ದು ನಿಂತಳು. ಫೋನು ಕಳುವಾಗಿ, ಮನೆ ಬದಲಿಸಿ, ಕೊನೆಯ ಬಿಲ್ಲು ಅವಳ ಕೈಗೆ ಬಂದೇ ಇರಲಿಲ್ಲ.

"ನಾನು ಬೈಯಾಕ ಬಂದಿಲ್ಲವ್ವ," ಎಂದು ಈರಮ್ಮಕ್ಕ ಅವಳ ಪಕ್ಕದಲ್ಲೇ ಕೂತರು. "ನನ್ನ ಮ್ಯಾಲಿಂದ ತೆಗೆದಾರ, ಇನ್ನ ನಿನ್ನ ಮ್ಯಾಲೆ ಹಾಕ್ತಾರ. ನನಗಾದಂಗ ನಿನಗೂ ಸಾಲಕ್ಕ ಹೋದ ದಿನವೇ ಗೊತ್ತಾಗಬಾರದು. ಈಗ ಕೇಳ್ಕೊಂಡು, ನಿಂದೇ ಆದ್ರ ಕಟ್ಟಿಬಿಡು."

ಅವಳು ಕಣ್ಣೊರೆಸಿಕೊಂಡು ನಮಗೆ ಉಗ್ಗಾಣಿ ಮಾಡಿ ಬಡಿಸಿದಳು. ಆ ವಾರದಲ್ಲೇ ಬಿಲ್ಲು ಕಟ್ಟಿದಳು.

ಸಾಲ ಸಿಕ್ಕಿತು, ಮಿಷಿನ್ ಬಂದವು, ಮುಂದಿನ ವರ್ಷ ಯೂನಿಫಾರ್ಮೂ ಬಂತು. ಲಕ್ಷ್ಮಿ ಕರೆಯದೆಯೇ ಬಂದು ಕೂತಳು. ನನಗೆ ಆದೋನಿಗೆ ವರ್ಗವಾಯಿತು.

ಕಳೆದ ಬೇಸಿಗೆಯಲ್ಲಿ ಈರಮ್ಮಕ್ಕನನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿದು ಹೋದೆ. ಎದೆನೋವು. ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಲಕ್ಷ್ಮಿ ಹಾಸಿಗೆಯ ಪಕ್ಕದಲ್ಲಿದ್ದಳು. ಈರಮ್ಮಕ್ಕ ನನ್ನನ್ನು ಕಂಡು ನಕ್ಕರು, ಆದರೆ ಮಾತೆಲ್ಲ ಲಕ್ಷ್ಮಿಯ ಜೊತೆಗೇ. ಹುಡುಗಿಯರ ಲಂಗದ ನೆರಿಗೆ ಎಷ್ಟಾಯಿತು, ಗುಂಡಿ ಯಾರು ಹಚ್ಚುತ್ತಿದ್ದಾರೆ, ಇಸ್ತ್ರಿ ಆಯಿತೋ ಇಲ್ಲವೋ.

"ಆರಾಮಾಗಿ ಮಲ್ಕೋ ಅಕ್ಕ, ಎರಡು ದಿನ ತಡ ಆದ್ರ ಶಾಲಿಯೋರು ಏನೂ ಅನ್ನಂಗಿಲ್ಲ," ಎಂದಳು ಲಕ್ಷ್ಮಿ.

"ಸೋಮವಾರ ಕೊಡ್ತೀನಿ ಅಂದೀನಿ. ಸೋಮವಾರ ಕೊಡಬೇಕು. ನೀ ಇಲ್ಲಿ ಯಾಕ ಕುಂತಿ? ಹೋಗು."

ಲಕ್ಷ್ಮಿ ನನ್ನನ್ನು ನೋಡಿದಳು. ನಾನಿದ್ದೇನೆ ಎಂದೆ. ಅವಳು ಮಧ್ಯಾಹ್ನದ ಬಸ್ಸಿಗೆ ಆಲೂರಿಗೆ ಹೋದಳು.

ಭಾನುವಾರ ಸಂಜೆ ಈರಮ್ಮಕ್ಕ ಹೋದರು. ಸೋಮವಾರ ಬೆಳಿಗ್ಗೆ ಅವರನ್ನು ಮಣ್ಣಿಗೆ ಒಯ್ಯಲು ಆಲೂರಿನ ಆ ಓಣಿಯಲ್ಲಿ ಜನ ಸೇರಿದಾಗ ಲಕ್ಷ್ಮಿಯಾಗಲಿ ಉಳಿದ ಮೂವರಾಗಲಿ ಕಾಣಲಿಲ್ಲ. ಯಾರೋ ಗೊಣಗಿದರು. ಸ್ವಲ್ಪ ಹೊತ್ತಿಗೆ ನಾಲ್ವರೂ ಒಂದೇ ಆಟೋದಿಂದ ಇಳಿದರು. ಸೆರಗಿಗೆಲ್ಲ ನೀಲಿ ದಾರದ ಚೂರು. ಲಕ್ಷ್ಮಿ ನೇರವಾಗಿ ಈರಮ್ಮಕ್ಕನ ಬಳಿ ಹೋಗಿ ಬಾಗಿ, ಕಿವಿಯ ಹತ್ತಿರ, ನಮಗೆಲ್ಲ ಕೇಳುವಂತೆ ಹೇಳಿದಳು:

"ಕೊಟ್ಟು ಬಂದ್ವಿ ಅಕ್ಕ."