ಮೂರು ವಾರ ಬಿಟ್ಟರೆ ಹರಾಮ್

ಅಥವಾ ಅದು ಈಸ್ಟಿನ ವಾಸನೆಯೇ ಅಲ್ಲವೇನೋ. ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಫ್ಲಾಟಿನ ಕೆಳಗಿರುವ ಬೇಕರಿಯಿಂದ ಬೆಳಿಗ್ಗೆ ಒಂದು ಹುಳಿ, ಒದ್ದೆ, ಸ್ವಲ್ಪ ಬೆವರಿನಂಥ ವಾಸನೆ ಮೇಲೇರಿ ಬರುತ್ತದೆ. ಬಂದ ಕೂಡಲೇ ಕಿಟಕಿ ಮುಚ್ಚುತ್ತೇನೆ, ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತೇನೆ. ಇದು ಮುಶೈರಿಬ್‌ನಲ್ಲಿದ್ದ ನಮ್ಮ ಅಂಗಡಿಯ ವಾಸನೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಆದರೆ ಪ್ಯಾಕೆಟ್ಟಿನೊಳಗಿನ ಒಣ ಈಸ್ಟಿಗೆ ಇಂಥ ವಾಸನೆ ಇರುವುದಿಲ್ಲ. ಅಂಗಡಿಯಲ್ಲಿ ಇದ್ದದ್ದು ರಟ್ಟಿನ ಪೆಟ್ಟಿಗೆಗಳ, ಒಣದ್ರಾಕ್ಷಿಯ, ಎಸಿಯಿಂದ ತೊಟ್ಟಿಕ್ಕುವ ನೀರಿನ ವಾಸನೆ. ಹಾಗಾದರೆ ನನ್ನ ಮೂಗು ನೆನಪಿಟ್ಟುಕೊಂಡಿರುವುದು ಬರೀ ಒಂದು ಮಧ್ಯಾಹ್ನವನ್ನು, ಉಳಿದ ಬಾಲ್ಯವನ್ನೆಲ್ಲ ನಾನು ಅದರ ಹಿಂದೆ ಮುಂದೆ ಕಟ್ಟಿಕೊಂಡಿದ್ದೇನೆ. ನಿಮಗೂ ಕೆಡವಿಹಾಕಿದ ಮನೆಯೊಂದಿದ್ದರೆ, ಅದರಲ್ಲಿ ನಿಜವಾಗಿ ಎಷ್ಟು ಕೋಣೆಗಳಿದ್ದವು ಎಂದು ಒಮ್ಮೆ ನೆನಪಿಸಿಕೊಂಡು ನೋಡಿ.

ಕೆಳಗೆ ಅಂಗಡಿ, ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂವರು: ಬಾಪ, ಉಮ್ಮ, ನಾನು. ಬಾಪ ಬಂಟ್ವಾಳದ ಕಡೆಯಿಂದ ಬಂದವರು. ಬೋರ್ಡಿನಲ್ಲಿ ಬೇಕರಿ ಸಾಮಾನು ಎಂದಿತ್ತು. ಹಿಟ್ಟು, ಸಕ್ಕರೆ, ಈಸ್ಟ್, ಮಾಲ್ಟ್ ಸಿರಪ್ಪಿನ ಡಬ್ಬಗಳು, ದೊಡ್ಡ ಗಾಜಿನ ಭರಣಿಗಳು, ಮುಚ್ಚಳಕ್ಕೆ ಸಿಕ್ಕಿಸುವ ಸಪೂರ ರಬ್ಬರ್ ನಳಿಗೆಗಳು. ರಿಂಗ್ ರೋಡಿನ ಆಚೆ ದೊಡ್ಡ ಮಾಲ್ ಬಂದ ಮೇಲೆ ಹಿಟ್ಟು ಸಕ್ಕರೆಯವರೆಲ್ಲ ಅಲ್ಲಿಗೆ ಹೋದರು. ಭರಣಿ, ನಳಿಗೆ, ಅರ್ಧ ಕಿಲೋ ಈಸ್ಟ್ ಕೇಳುವವರು ಮಾತ್ರ ನಮಗೆ ಉಳಿದರು. ಅವರು ಮನೆಯಲ್ಲಿ ವೈನ್, ಬಿಯರ್ ಮಾಡುವವರು. ಕತಾರಿನಲ್ಲಿ ಅದು ಅಪರಾಧ, ಆದ್ದರಿಂದ ಆ ಎರಡು ಶಬ್ದಗಳನ್ನು ನಮ್ಮ ಅಂಗಡಿಯಲ್ಲಿ ಯಾರೂ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ಊಟದ ಹೊತ್ತಿಗೆ ಬಾಪ ಹೇಳುತ್ತಿದ್ದರು: "ಇವರೂ ಬರುವುದು ಬಿಟ್ಟರೆ ಅಂಗಡಿ ಇಲ್ಲ." ಉಮ್ಮ ಅನ್ನ ಬಡಿಸುತ್ತಲೇ ಹೇಳುತ್ತಿದ್ದರು: "ಬಂದು ಏನಾದರೂ ಆದರೆ ನಾವೇ ಇಲ್ಲ." ನಮ್ಮ ವೀಸಾ, ಅಂಗಡಿಯ ಲೈಸೆನ್ಸು ಎರಡಕ್ಕೂ ಕಫೀಲ್ ಎಂಬ ಅರಬ್ಬೀ ಯಜಮಾನನ ಸಹಿ ಬೇಕಿತ್ತು. ಅವನ ಕಿವಿಗೆ ಒಂದು ದೂರು ಬಿದ್ದರೆ ಸಾಕು, ಮೂವರೂ ವಿಮಾನ ಹತ್ತಬೇಕು. ನಾನು ಹುಟ್ಟಿದ್ದು ದೋಹಾದಲ್ಲಿ. ಬಂಟ್ವಾಳ ನನಗೆ ರಜೆಯಲ್ಲಿ ಸೊಳ್ಳೆ ಕಚ್ಚುವ ಜಾಗ, ಅಷ್ಟೇ. ಹಾಗಾಗಿ ವಿಮಾನ ಎಂದರೆ ನನಗೆ ಭಯ.

ಬಾಪನದ್ದೊಂದು ಪದ್ಧತಿ ಇತ್ತು. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ, ಸಾಮಾನು ಕಟ್ಟಿಕೊಟ್ಟು ಸುಮ್ಮನೆ ಕಳಿಸಲು ಅವರಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಎಚ್ಚರಿಕೆ ಹೇಳುತ್ತಿದ್ದರು. ಮಂಗಳೂರಿನ ಕ್ರಿಶ್ಚಿಯನ್ ನರ್ಸ್ ಲೀನಾ ಆಂಟಿ ಬಂದ ದಿನದ ಮಾತು ಇದು. "ನೋಡಿ ಲೀನಾ ಬಾಯಿ, ದ್ರಾಕ್ಷಿ ರಸಕ್ಕೆ ಸಕ್ಕರೆ, ಈಸ್ಟ್ ಹಾಕಿದ ಮೇಲೆ ಮುಚ್ಚಳ ಬಿಗಿ ಮಾಡಿದರೆ ಭರಣಿ ಒಡೆದೀತು. ನಳಿಗೆ ಇಡಿ, ಗಾಳಿ ಹೋಗಲಿ. ಆದರೆ ಕತ್ತಲಲ್ಲಿ ಮಾತ್ರ ಇಡಬೇಡಿ. ಮೂರು ವಾರ ಹಾಗೇ ಬಿಟ್ಟರಂತೂ ಹರಾಮ್ ಆಗ್ತದೆ, ಮತ್ತೆ ನನ್ನನ್ನು ದೂರಬೇಡಿ."

"ಮೂರು ವಾರವಾ ಬ್ಯಾರಿಗಳೇ, ಇಪ್ಪತ್ತು ದಿನವಾ? ಸರಿಯಾಗಿ ಹೇಳಿ ಮಾರಾಯ್ರೆ. ಒಂದು ದಿನ ಹೆಚ್ಚುಕಡಿಮೆ ಆಗಿ ನಾನು ಪಾಪ ಮಾಡುವುದು ಬೇಡ."

"ನಿಮಗೆ ತಮಾಷೆ."

"ತಮಾಷೆ ಎಂತದ್ದು? ನಮ್ಮ ಪಾದ್ರಿ ಸಹ ಇಷ್ಟು ವಿವರವಾಗಿ ಹೇಳುವುದಿಲ್ಲ."

ಬಾಪ ನಕ್ಕರೇ? ನಕ್ಕ ಹಾಗೆ ಒಂದು ಮುಖ ನನ್ನಲ್ಲಿದೆ, ಆದರೆ ಅದನ್ನು ನಾನು ಒಂದು ಹಳೆಯ ಫೋಟೋದಿಂದ ತೆಗೆದು ಇಲ್ಲಿಗೆ ಅಂಟಿಸಿರಬಹುದು. ಮಾಲಿನಲ್ಲಿ ಈಸ್ಟ್ ಇತ್ತು, ಭರಣಿಯೂ ಇತ್ತು, ಎಚ್ಚರಿಕೆ ಇರಲಿಲ್ಲ. ಜನ ಅದಕ್ಕಾಗಿಯೇ ಬರುತ್ತಿದ್ದರು. ಬಿಳಿಯರೂ ಬರತೊಡಗಿದರು, ಬಾಪನ ಇಂಗ್ಲಿಷ್ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಬಾಪ ನನ್ನನ್ನು ಕರೆದರು. "ನಿನ್ನ ಅಕ್ಷರ ಚೆಂದ ಉಂಟಲ್ಲ ಮಗಳೇ, ಏನೇನು ಮಾಡಬಾರದು ಅಂತ ಇಂಗ್ಲಿಷಿನಲ್ಲಿ ಬರಿ." ಶಾಲೆಯಲ್ಲಿ ವಿಜ್ಞಾನದ ಪ್ರಯೋಗಗಳನ್ನು ಹೇಗೆ ಬರೆಯಬೇಕೆಂದು ನನಗೆ ಆಗಷ್ಟೇ ಕಲಿಸಿದ್ದರು. ಹಾಗೆಯೇ ಬರೆದೆ. ಬೇಕಾಗುವ ಸಾಮಗ್ರಿಗಳು, ಅಳತೆ, ಮೊದಲನೆಯ ದಿನ, ಐದನೆಯ ದಿನ, ಇಪ್ಪತ್ತೊಂದನೆಯ ದಿನ. ಪ್ರತಿ ಸಾಲಿನ ಕೊನೆಗೆ ಕೆಂಪು ಶಾಯಿಯಲ್ಲಿ 'ಮಾಡಬೇಡಿ' ಎಂದು ಸೇರಿಸಿದೆ. ಕೆಳಗೆ ಒಂದು ಭರಣಿಯ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದೆ. ಬಾಪ ಅದನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಗುರುತಿಲ್ಲದ ಒಬ್ಬ ಮನುಷ್ಯ ಬಂದದ್ದು ಎಷ್ಟು ದಿನಗಳ ನಂತರ ಎಂದು ಹೇಳಲಾರೆ. ಬೇಸಿಗೆ. ನಾನು ಶಾಲೆಯ ಬಸ್ಸಿನಿಂದ ಇಳಿದು ಬಂದಿದ್ದೆ, ಮಧ್ಯಾಹ್ನದ ಬಿಡುವಿಗೆ ಬಾಪ ಶಟರ್ ಎಳೆಯುವುದರಲ್ಲಿದ್ದರು. ಬಂದವನ ಕುತ್ತಿಗೆಯಿಂದ ನೀಲಿ ದಾರದಲ್ಲಿ ಗುರುತಿನ ಚೀಟಿ ತೂಗುತ್ತಿತ್ತು, ಅದು ತಿರುಗಿಕೊಂಡಿತ್ತು. ಅವನು ಗೋಡೆಯ ಕಾಗದವನ್ನು ಪೂರ್ತಿ ಓದಿದ, ತುಟಿ ಅಲ್ಲಾಡಿಸುತ್ತಾ ಓದಿದ. ನಂತರ ಹಿಂದಿಯಲ್ಲಿ ಕೇಳಿದ: "ಇದನ್ನು ಬರೆದದ್ದು ಯಾರು?" ನಾನು ಮೆಟ್ಟಿಲ ಬಳಿ ಬ್ಯಾಗು ಹೊತ್ತುಕೊಂಡು ನಿಂತಿದ್ದೆ, ಬೆರಳಿಗೆ ಇನ್ನೂ ಕೆಂಪು ಶಾಯಿ ಅಂಟಿತ್ತು ಎಂದೇ ನನ್ನ ನೆನಪು. ಬಾಪ ನನ್ನ ಕಡೆ ನೋಡಲೇ ಇಲ್ಲ. "ನಾನೇ," ಎಂದರು. "ಅಕ್ಷರ ಚೆನ್ನಾಗಿದೆ," ಎಂದು ಅವನು ಕಾಗದವನ್ನು ಮೆಲ್ಲನೆ ಕಿತ್ತು, ಮಡಚಿ ಜೇಬಿಗಿಟ್ಟುಕೊಂಡ. ಒಂದು ಭರಣಿ, ಒಂದು ನಳಿಗೆ ಕೊಂಡುಕೊಂಡ. ಹೋದ. ಅವನು ಅಕ್ಷರವನ್ನು ಹೊಗಳಿದಾಗ ನನಗೆ ಒಂದು ಗಳಿಗೆ ಖುಷಿಯಾಯಿತು. ಈಗಲೂ ನಾಚಿಕೆಯಾಗುವುದು ಅದಕ್ಕೇ.

ಶಟರ್ ಎಳೆದ ಮೇಲೆ ಬಾಪ ಉಮ್ಮನನ್ನೂ ಕೆಳಗೆ ಕರೆದರು. "ಎಲ್ಲ ಮೇಲೆ ತನ್ನಿ." ಮೂವರೂ ಸೇರಿ ಈಸ್ಟಿನ ಪ್ಯಾಕೆಟ್ಟು, ಸಿರಪ್ಪಿನ ಡಬ್ಬ ಎಲ್ಲವನ್ನೂ ಬಚ್ಚಲಿಗೆ ಸಾಗಿಸಿದೆವು. ಉಮ್ಮ ಕತ್ತರಿಯಿಂದ ಪ್ಯಾಕೆಟ್ಟು ಕತ್ತರಿಸಿ ಟಬ್ಬಿಗೆ ಸುರಿದರು, ಬಾಪ ಮೇಲಿನಿಂದ ಸಿರಪ್ ಸುರಿದು ನಲ್ಲಿ ತಿರುಗಿಸಿದರು. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು ಬರುತ್ತದೆ, ತಾರಸಿಯ ಟ್ಯಾಂಕಿನಲ್ಲಿ ಕಾದದ್ದು. ಬಿಸಿನೀರು, ಸಿಹಿ ಸೇರಿದರೆ ಈಸ್ಟ್ ಉಕ್ಕುತ್ತದೆ ಎಂಬುದೊಂದು ಇಷ್ಟು ವರ್ಷ ಊರವರಿಗೆಲ್ಲ ಪಾಠ ಹೇಳಿದ ಮನುಷ್ಯನಿಗೆ ಹೊಳೆಯಲಿಲ್ಲ. ಸಿರಪ್ ತೂತಿಗೆ ಕಟ್ಟಿಕೊಂಡಿತು, ನೀರು ನಿಂತಿತು, ಸ್ವಲ್ಪ ಹೊತ್ತಿಗೆ ಟಬ್ಬು ಉಸಿರಾಡತೊಡಗಿತು. ಕಂದು ನೊರೆ ಏರಿತು, ಅಂಚು ದಾಟಿತು, ನನ್ನ ಶಾಲೆಯ ಬೂಟಿನ ಮೇಲೆ ಬಂತು. ಆ ವಾಸನೆ ಕಿಟಕಿಯಿಂದ, ಬಾಗಿಲ ಸಂದಿನಿಂದ ಮೆಟ್ಟಿಲಿಗೆ ಹೋಗುತ್ತಿರುವುದು ನನಗೆ ಕಣ್ಣಿಗೆ ಕಂಡ ಹಾಗಿದೆ. ಯಾರೋ ಬಾಗಿಲು ತಟ್ಟಿದರು. ಬಾಪ ಟಬ್ಬಿನ ಪಕ್ಕದಲ್ಲಿ ಕುಸಿದು ಕೂತರು. ಅಂಥ ಮುಖವನ್ನು ನಾನು ಆಮೇಲೆ ಅವರ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮಾತ್ರ ನೋಡಿದ್ದು. ಬಾಗಿಲಲ್ಲಿದ್ದವಳು ಪಕ್ಕದ ಮನೆಯ ಮಲಯಾಳಿ ಹೆಂಗಸು. ಇಷ್ಟೊಂದು ಹಿಟ್ಟು ಹುಳಿ ಬರಿಸಿದ್ದೀರಿ, ಅಪ್ಪಂ ಮಾಡಲಿಕ್ಕಾ, ಎಷ್ಟು ಜನ ನೆಂಟರು ಎಂದು ಕೇಳಿದಳು. "ತುಂಬಾ ಜನ," ಎಂದರು ಉಮ್ಮ. ಹೇಳಿದ ತಪ್ಪಿಗೆ ಆ ಸಂಜೆ ಉಳಿದ ಒಂದೇ ಪ್ಯಾಕೆಟ್ಟು ಈಸ್ಟಿನಿಂದ ಅಪ್ಪಂ ಹೊಯ್ದು ಕಟ್ಟಡದ ಎಲ್ಲ ಮನೆಗಳಿಗೂ ಹಂಚಿದರು. ಬಂದ ನೆಂಟರು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಕೆಳಗೆ ಕಾರು ನಿಂತ ಸದ್ದಾದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ಯಾರೂ ಬರಲಿಲ್ಲ. ಒಂದು ದಿನ ಕಫೀಲ್ ಫೋನ್ ಮಾಡಿ ಲೈಸೆನ್ಸು ಮುಂದುವರಿಸುವುದಿಲ್ಲ, ಖಲಾಸ್ ಎಂದ, ಕಾರಣ ಹೇಳಲಿಲ್ಲ. ವೀಸಾ ಮಾತ್ರ ಬೇರೆಯವರಿಗೆ ವರ್ಗಾಯಿಸಲು ಒಪ್ಪಿದ. ಬಾಪ ನಗರದಾಚೆಯ ಉಮ್ಮ್ ಸಲಾಲ್‌ನಲ್ಲಿ ಇನ್ನೊಬ್ಬರ ಗೋದಾಮಿನಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದರು, ಅಲ್ಲಿ ಯಾರಿಗೂ ಏನೂ ಎಚ್ಚರಿಕೆ ಹೇಳಬೇಕಾಗಿರಲಿಲ್ಲ, ಮನೆಯಲ್ಲೂ ಮಾತು ಕಡಿಮೆಯಾಯಿತು. ನಮ್ಮ ಬೀದಿಯನ್ನು ಪೂರ್ತಿ ಕೆಡವಿ ಈಗ ಟ್ರಾಮ್ ಓಡಿಸುತ್ತಿದ್ದಾರೆ.

ಉಮ್ಮನನ್ನು ಕೇಳಿದರೆ, ಕಾಗದವನ್ನು ಯಾರೂ ಒಯ್ಯಲಿಲ್ಲ, ತಾನೇ ಒಲೆಗೆ ಹಿಡಿದು ಸುಟ್ಟೆ ಎನ್ನುತ್ತಾರೆ. ಮಂಗಳೂರಿಗೆ ಮರಳಿರುವ ಲೀನಾ ಆಂಟಿ ಫೋನಿನಲ್ಲಿ, "ಯಾವ ಮನುಷ್ಯ ಮಗಾ? ಮಾಲ್ ಬಂದು ಮುಚ್ಚಿದ್ದಲ್ವಾ," ಎನ್ನುತ್ತಾರೆ. ಕಟ್ಟಡ ಕೆಡವುವ ನೋಟಿಸು ಅದಕ್ಕೂ ಮೊದಲೇ ಬಂದಿತ್ತು ಎಂದು ಇನ್ನು ಕೆಲವರು. ಬಾಪನನ್ನು ಕೇಳಬಹುದಿತ್ತು, ಹದಿನೈದು ವರ್ಷ ಒಂದೇ ಮೇಜಿನಲ್ಲಿ ಉಂಡೆವು. ಹೌದು ಎಂದರೆ ಎಂಬ ಹೆದರಿಕೆಗೆ ಕೇಳಲಿಲ್ಲ. ಈಗ ಅವರಿಲ್ಲ. ಅಂಗಡಿ ಮುಚ್ಚಿದ್ದು ನಾನು ಬರೆದದ್ದರಿಂದಲೋ ಅಲ್ಲವೋ, ನನಗೆ ಗೊತ್ತಿಲ್ಲ.