ಹಾಡುಗಳ ನಡುವೆ ಮಾದೇವ ಆಡಿದ ಮಾತು

ದೆವ್ವ, ಗಾಳಿ, ಸತ್ತವರ ದನಿ ಎಂದವರನ್ನೆಲ್ಲ ಎದುರಿಗೇ ಗೇಲಿ ಮಾಡಿದವನು ನಾನು. ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ, ವೈರು, ಮೈಕು, ಸ್ಪೀಕರುಗಳ ನಡುವೆಯೇ ಬದುಕಿದವನಿಗೆ ಎಲ್ಲಿಂದಲೋ ಒಂದು ಸದ್ದು ಬಂದರೆ ಮೊದಲು ಹೊಳೆಯುವುದು ಲೂಸ್ ಕನೆಕ್ಷನ್. ಇವತ್ತಿಗೂ ದೆವ್ವವನ್ನು ನಂಬುವುದಿಲ್ಲ. ಆದರೆ ಗಾವಡಗೆರೆಯ ಒಂದು ಮನೆಯಲ್ಲಿ, ಮಟಮಟ ಮಧ್ಯಾಹ್ನ, ನಾನು ಕಿವಿಯಾರೆ ಕೇಳಿದ್ದಕ್ಕೆ ಏನು ಹೆಸರಿಡಬೇಕೋ ತಿಳಿಯದು. ನಂಬಿ ಎಂದು ಯಾರ ಕಾಲೂ ಹಿಡಿಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಹುಣಸೂರಿನಲ್ಲಿ ನಮ್ಮದೊಂದು ತಂಡವಿತ್ತು. ಮಾದೇವ ನಮ್ಮ ಗಾಯಕ. ಆರ್ಕೆಸ್ಟ್ರಾ ಗಾಯಕನಿಗೆ ಸ್ವಂತ ದನಿ ಇರಬಾರದು. ಸಿನಿಮಾದಲ್ಲಿ ಯಾರು ಹಾಡಿದ್ದಾರೋ ಅವರೇ ಬಂದು ನಿಂತಂತೆ ಹಾಡಬೇಕು. ಕಣ್ಣು ಮುಚ್ಚಿ ಕೇಳಿದರೆ ಮಾದೇವನೆಂದು ಗೊತ್ತಾಗಬಾರದು, ಅದೇ ಅವನ ಹೆಚ್ಚುಗಾರಿಕೆ. ಹಾಡು ಮುಗಿದ ಮೇಲೆ ಮಾತ್ರ ಅವನು ಅವನಾಗುತ್ತಿದ್ದ. ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ, ಇಂಥ ಹಾಡು ಬೇಕೆಂದು ಜನ ಬರೆದು ಕಳಿಸಿದ ಚೀಟಿಗಳನ್ನು ಓದಿ, ಚೀಟಿ ಬರೆದವರನ್ನು ಕಿಚಾಯಿಸುತ್ತಿದ್ದ. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಕರೆಸಿದವರು ಎಣಿಸುವುದು ಹಾಡುಗಳನ್ನು, ಇವನ ಹರಟೆಯನ್ನಲ್ಲ. ಹಾಗಾಗಿ ಅವನು ಮಾತಾಡುತ್ತಿರುವಾಗಲೇ ಮುಂದಿನ ಹಾಡಿನ ಮ್ಯೂಸಿಕ್ ಶುರು ಮಾಡಿಬಿಡುತ್ತಿದ್ದೆ. ಅವನು ಹಿಂದೆ ತಿರುಗಿ, "ತಡಿಯಣ್ಣ, ಇನ್ನೂ ಐತೆ," ಎನ್ನುತ್ತಿದ್ದ. ನಾನು ಒಂದು ದಿನವೂ ತಡೆಯಲಿಲ್ಲ.

ಕಾಮಾಲೆ ಬಂದು ಮಾದೇವ ತೀರಿಹೋದಾಗ ಅವನ ಹೆಂಡತಿ ರತ್ನ ಆರು ತಿಂಗಳ ಬಸುರಿ. ಹೆಣ್ಣು ಹುಟ್ಟಿತು. ಹೆರಿಗೆ ಮಾಡಿಸಿದ ನರ್ಸಮ್ಮನೇ ಸಿಂಚನ ಎಂದು ಹೆಸರಿಟ್ಟಳಂತೆ. ತಂಡ ಚದುರಿತು. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಹಾಕಿಕೊಂಡು ಕ್ಯಾಸೆಟ್, ಸೀಡಿ ಮಾಡಿಕೊಡುವ ಅಂಗಡಿ ತೆರೆದೆ.

ಎರಡು ಸಾವಿರದ ನಾಲ್ಕೋ ಐದೋ ಇಸವಿಯಲ್ಲಿ ರತ್ನ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ನಮ್ಮ ಕಾರ್ಯಕ್ರಮಗಳನ್ನು ನಾವು ಟೇಪಿಗೆ ಹಿಡಿದಿಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. "ಈ ಮಗ ಅದರಪ್ಪನ ದನಿನೇ ಕೇಳಿಲ್ಲ ಕಣಣ್ಣ. ಒಂದ್ ಸೀಡಿ ಮಾಡ್ಕೊಡಿ," ಎಂದಳು. ಅದಕ್ಕೇನು, ಮಾದೇವ ನನ್ನ ತಮ್ಮನಿದ್ದಂತೆ, ಪುಕ್ಕಟೆ ಮಾಡಿಕೊಡುತ್ತೇನೆ ಎಂದು ದೊಡ್ಡದಾಗಿ ಹೇಳಿದೆ.

ಒಂಬತ್ತು ಕ್ಯಾಸೆಟ್ಟುಗಳಿದ್ದವು. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು ಓಡಿಸಿದರೆ ಪರದೆಯ ಮೇಲೆ ಉದ್ದಕ್ಕೆ ಒಂದು ಗೆರೆ ಮೂಡುತ್ತದೆ. ಹಾಡಿರುವಲ್ಲಿ ದಪ್ಪ, ಮಾತಿರುವಲ್ಲಿ ಸಣ್ಣ. ಮೊದಲ ಕ್ಯಾಸೆಟ್ಟಾದ ಮೇಲೆ ನಾನು ಕೇಳುವುದನ್ನೂ ಬಿಟ್ಟೆ. ಕಣ್ಣಳತೆಯಲ್ಲೇ ಕತ್ತರಿಸುತ್ತ ಹೋದೆ. ಗೆರೆ ಚೊಕ್ಕವಾಗಿ ಮೂಡಿದ ಹದಿನಾಲ್ಕು ಹಾಡುಗಳನ್ನು ಬೇರೆ ಬೇರೆ ಮಾಡಿ ಇಟ್ಟುಕೊಂಡು, ಗೆರೆ ಸಣ್ಣಗಿದ್ದ ಕಡೆಯೆಲ್ಲ ಅಳಿಸಿದೆ. ಹಾರ್ಡ್ ಡಿಸ್ಕಿನಲ್ಲಿ ಜಾಗವಿರಲಿಲ್ಲ, ಕಸ ಇಟ್ಟುಕೊಂಡು ಏನು ಮಾಡಲಿ? ಅದೇ ವಾರ ಲಾರಿಯವನೊಬ್ಬ ಭಕ್ತಿಗೀತೆ ತುಂಬಿಸಿಕೊಡಿ ಎಂದು ಬಂದ. ಖಾಲಿ ಕ್ಯಾಸೆಟ್ ಮುಗಿದಿದ್ದವು. ಮಾದೇವನ ಒಂಬತ್ತರ ಮೇಲೇ ತುಂಬಿಸಿ ಕೊಟ್ಟೆ. ಈ ಕೈ ಎಷ್ಟು ಚುರುಕು ನೋಡಿ.

ರತ್ನ ಬಂದ ದಿನ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ ಹಾಡು ಹಾಕಿದೆ. ಒಂದಾಯಿತು, ಎರಡಾಯಿತು. ಮಗು ತಾಯಿಯ ಮುಖ ನೋಡಿತು.

"ಇದು ಟೀವಿಲಿ ಬರೋರು ಕಣವ್ವ. ನಮ್ಮಪ್ಪ ಎಲ್ಲಿ?"

ರತ್ನ ನನ್ನ ಕಡೆ ತಿರುಗಿ, ನಡುವೆ ಅವರು ಮಾತಾಡುತ್ತಿದ್ದರಲ್ಲ, ಅದೆಲ್ಲಿ ಎಂದು ಕೇಳಿದಳು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಆಗಲೇ ನನಗೆ ಹೊಳೆದದ್ದು. ಯಾರೋ ದೊಡ್ಡ ಗಾಯಕರ ದನಿಯನ್ನು ಜೋಪಾನ ಮಾಡಿ, ಮಾದೇವನ ದನಿಯನ್ನಷ್ಟೇ ಹುಡುಕಿ ಹುಡುಕಿ ಕಸಕ್ಕೆ ಹಾಕಿದ್ದೆ. ಮೂಲ ಕ್ಯಾಸೆಟ್ಟಾದರೂ ಕೊಡಿ ಎಂದಳು. ಅದಕ್ಕೂ ಉತ್ತರ ಹೇಳಬೇಕಾಯಿತು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೀಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗುವಿನ ಕೈ ಹಿಡಿದು ಹೊರಟುಹೋದಳು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರ್ ತಂದು ಹಾಕಿದೆ, ಲಾರಿಯವನನ್ನು ಪಿರಿಯಾಪಟ್ಟಣದವರೆಗೂ ಹುಡುಕಿಕೊಂಡು ಹೋಗಿ ಆ ಕ್ಯಾಸೆಟ್ಟುಗಳನ್ನೆಲ್ಲ ಹಾಕಿಸಿ ಕೇಳಿ ಬಂದೆ. ಏನೂ ಸಿಗಲಿಲ್ಲ.

ಎಂಟು ದಿನಕ್ಕೆ ರತ್ನಳ ಫೋನು ಬಂತು, ಕಾಯಿನ್ ಬೂತಿನಿಂದ. "ಕೊನೇಲಿ ಇಟ್ಟಿದ್ರಲ್ಲಣ್ಣ, ಮೊದ್ಲೇ ಯೋಳಬಾರ್ದಿತ್ತಾ?" ಎಂದಳು. ಅಳುತ್ತಿದ್ದಳು. ಏನು ಇಟ್ಟಿದ್ದೆ ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು. ಅದೇ ಹಾಡುಗಳ ಇನ್ನೊಂದು ಸೀಡಿ ನನ್ನ ಹತ್ತಿರವಿತ್ತು. ಹಾಕಿ ನೋಡಿದೆ. ಹದಿನಾಲ್ಕೇ.

ಮಾರನೆ ದಿನ ರತ್ನಳ ಊರು ಗಾವಡಗೆರೆಗೆ ಹೋದೆ. ರತ್ನ ವಿಸಿಡಿ ಪ್ಲೇಯರಿಗೆ ಸೀಡಿ ಹಾಕಿದಳು. ಹದಿನಾಲ್ಕನೆಯ ಹಾಡು ಮುಗಿಯಿತು. ಪ್ಲೇಯರಿನ ಮೇಲೆ ಹದಿನೈದು ಎಂದು ಬಂತು. ಮೈಕನ್ನು ಯಾರೋ ಎರಡು ಸಲ ತಟ್ಟಿದರು.

"ಒಂದ್ ಚೀಟಿ ಬಂದೈತೆ ಸ್ವಾಮಿ. ಸಿಂಚನ, ಗಾವಡಗೆರೆ. ಅಯ್ಯೋ ಮಗ, ಚೀಟಿ ಯಾಕ್ ಬರ್ದೆ, ಕೂಗಿದ್ರೆ ಸಾಕಾಗ್ತಿರ್ನಿಲ್ವಾ? ನಿಂಗೊಂದ್ ಮಾತು ಯೋಳ್ಬೇಕು ಅಂತಿದ್ದೆ. ನೋಡು ಮಗ..."

ಅಷ್ಟರಲ್ಲಿ ಕೀಬೋರ್ಡ್ ಶುರುವಾಯಿತು. ಅದು ನನ್ನದೇ ಕೈ. ಮೂರನೆಯ ಸ್ವರದ ಮೇಲೆ ನನ್ನ ಬೆರಳು ತುಸು ಜಾರುತ್ತದೆ, ಅಭ್ಯಾಸ, ಅಲ್ಲೂ ಜಾರಿತು. ಮ್ಯೂಸಿಕ್ಕಿನ ಅಡಿಯಲ್ಲಿ ಎಲ್ಲೋ ದೂರದಿಂದ "ತಡಿಯಣ್ಣ" ಎಂದದ್ದು ಕೇಳಿಸಿತು. ಮ್ಯೂಸಿಕ್ ನಿಲ್ಲಲಿಲ್ಲ. ಹಾಡೂ ಶುರುವಾಗಲಿಲ್ಲ. ಪ್ಲೇಯರು ತಾನಾಗಿ ನಿಂತಿತು.

ಯಾರಾದರೂ ಮಾದೇವನಂತೆ ಮಾತಾಡಿ ಸೇರಿಸಿರಬಹುದೇ ಎಂದು ಯೋಚಿಸಿದ್ದೇನೆ. ಆ ಸೀಡಿ ಬರೆದದ್ದು ನನ್ನ ಕಂಪ್ಯೂಟರ್, ಬರೆದ ಮೇಲೆ ಅದಕ್ಕೆ ಒಂದಕ್ಷರ ಸೇರಿಸಲೂ ಬಾರದು. ಹಳೆಯ ತುಣುಕೊಂದು ಹೇಗೋ ಉಳಿದಿತ್ತು ಎನ್ನೋಣವೆಂದರೆ, ಸಿಂಚನ ಎಂಬ ಹೆಸರು ಈ ಭೂಮಿಯ ಮೇಲೆ ಬರುವ ಮೊದಲೇ ಅವನು ಮಣ್ಣಾಗಿದ್ದ. ಅಂಗಡಿಗೆ ಒಯ್ದು ಪರೀಕ್ಷೆ ಮಾಡುತ್ತೇನೆ, ಸೀಡಿ ಕೊಡಮ್ಮ ಎಂದು ಕೇಳಿದೆ.

"ನಿಮ್ ಕೈಗ್ ಕೊಡಾಕಿಲ್ಲ ಬುಡಿ ಅಣ್ಣ," ಎಂದಳು ರತ್ನ. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ.

ಮಗು ನನ್ನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಅಲ್ಲಿ ನುಡಿಸಿದ್ದು ನಾನೇ ಎಂದು ತಾಯಿ ಹೇಳಿರಬೇಕು.

"ಮಾವ, ಆಮೇಲೆ ನಮ್ಮಪ್ಪ ಏನಂತು?"

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.